ಒಳಗೆ ಕುಳಿತು ಕುಡಿದ ಚಹಾ

ಅವರು ಯಾರದಾದರೂ ಮನೆಯೊಳಗೆ ಕುಳಿತು ಚಹಾ ಕುಡಿದರೆ ಆ ಮನೆ ಗಟ್ಟಿ ಎಂದು ಮಹಾರಾಷ್ಟ್ರದ ಗಡಿಯ ನಮ್ಮ ಜತ್ತ ತಾಲೂಕಿನ ಜನ ತಿಳಿಯುತ್ತಿದ್ದರು. ಅಂಗಳದಲ್ಲಿ ನಿಂತು ಕುಡಿದರೆ ಗೋಡೆಗೆ ರಿಪೇರಿ ಬೇಕು ಎಂದರ್ಥ. ಚಹಾ ಬೇಡವೆಂದು ಚಪ್ಪಲಿ ಮೆಟ್ಟಿ ಹೊರಟರಂತೂ ಮನೆಯವರು ಅಂದೇ ಹಾಸಿಗೆ, ಪಾತ್ರೆ, ಕಾಳಿನ ಚೀಲ ಎಲ್ಲ ಹೊರಗೆ ಹಾಕುತ್ತಿದ್ದರು. ಅವರು ಡಿಪ್ಲೊಮಾ ಪಾಸಾದ ಸಿವಿಲ್ ಇಂಜಿನಿಯರು. ಜತ್ತ ಪೇಟೆಯಲ್ಲಿ ಸಣ್ಣದೊಂದು ಆಫೀಸು ಇಟ್ಟುಕೊಂಡು ಮನೆಗಳ ನಕಾಶೆ ಮಾಡಿಕೊಡುತ್ತಿದ್ದರು. ಸಹಿ ಹಾಕಿ, ಸಿಕ್ಕಾ ಒತ್ತಿ ದಾಖಲೆ ಕೊಡುವ ಅಧಿಕಾರವೂ ಅವರಿಗಿತ್ತು. ಆದರೆ ಹಳ್ಳಿಯಲ್ಲಿ ಅದನ್ನು ಕೇಳುವವರು ಯಾರು? "ಸಾಹೇಬ್ರು ಚಾ ಎಲ್ಲಿ ಕುಡದ್ರು?" ಎಂದಷ್ಟೇ ಕೇಳುತ್ತಿದ್ದರು.

ಈ ಸಲ ಮಳೆ ಶುರುವಾಗುವ ಹೊತ್ತಿಗೆ ಅವರು ತೀರಿಕೊಂಡರು. ನಾನು ಅವರ ವಕೀಲಳಾಗಿದ್ದೆ. ಕಕ್ಷಿದಾರರ ಸಂಗತಿ ಬರೆಯುವುದು ನಮ್ಮ ವೃತ್ತಿಯಲ್ಲಿ ಒಳ್ಳೆಯದಲ್ಲ, ಆದ್ದರಿಂದ ಮೊದಲು ಅವರ ಹೆಂಡತಿಯನ್ನು ಕೇಳಿದೆ. ನಾನು ಭಾಭಿ ಎಂದು ಕರೆಯುವ ಆಕೆ, "ಬರೀರಿ ಬಾಯಾರ. ಹೆಸರಷ್ಟ ಹಾಕಬ್ಯಾಡ್ರಿ. ಯಾರರೆ ನಾಕ ಮಂದಿ ಮುಂದ ಹೆಸರ ತಗೊಂಡ್ರ ಅವ್ರು ಎದ್ದ ಹೊರಗ ಹೋಗಿಬಿಡ್ತಿದ್ರು" ಎಂದರು. ಹೀಗಾಗಿ ಇಲ್ಲಿ ಹೆಸರಿಲ್ಲ. ಉಳಿದದ್ದನ್ನು ಮಾತ್ರ ನಾನು ಕೈ ಬಿಗಿ ಹಿಡಿದು ಬರೆಯುವವಳಲ್ಲ, ಯಾಕೆಂದರೆ ನಾನು ಅವರಿಗೆ ಋಣಿ.

ಅವರದು ಸಂಖ ಎಂಬ ಊರಿನ ಗೌಂಡಿ ಮನೆತನ. ಅಜ್ಜ, ಅಪ್ಪ, ಚಿಕ್ಕಪ್ಪ ಎಲ್ಲರೂ ಕಲ್ಲು ಮಣ್ಣಿನ ಗೋಡೆ ಎಬ್ಬಿಸಿದವರು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಮರಾಠಿ ಆಡಿ ಬೆಳೆದವರು. ಸಿಟ್ಟು ಬಂದರೆ ಈ ಮೂರರಲ್ಲಿ ಒಂದೂ ಬಾಯಿಗೆ ಬರುತ್ತಿರಲಿಲ್ಲ, ಮುಖ ಕೆಂಪಗೆ ಮಾಡಿಕೊಂಡು ಸುಮ್ಮನೆ ಕೂರುತ್ತಿದ್ದರು. ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತಂತೆ. ಮನೆ ಕಟ್ಟಿ ಮುಗಿದ ದಿನ, ಯಜಮಾನ ಹೊಸ್ತಿಲು ದಾಟುವ ಮೊದಲು, ಕಟ್ಟಿದ ಗೌಂಡಿ ಒಬ್ಬನೇ ಒಳಗೆ ಹೋಗಿ ತೊಲೆಯ ಕೆಳಗೆ ನಟ್ಟನಡುವೆ ಕುಳಿತು ಉಣ್ಣಬೇಕು. ಊಟ ಯಜಮಾನನ ಮನೆಯಿಂದಲೇ ಬರುತ್ತಿತ್ತು. "ನಮ್ಮಪ್ಪ ಅಂತಿದ್ದ, ನೀ ಕುಂದ್ರಲಾರದ ಮನ್ಯಾಗ ಇನ್ನೊಬ್ಬರಿಗೆ ಮಲಗ ಅಂತ ಹ್ಯಾಂಗ ಹೇಳ್ತಿ?" ಎಂದು ಅವರು ನನಗೆ ವಿವರಿಸಿದ್ದರು. ಮಗ ಇಂಜಿನಿಯರಾದ ಮೇಲೆ ಊಟ ಹೋಗಿ ಚಹಾ ಬಂತು. "ಒಂದ ದಿನಕ್ಕ ಎಷ್ಟೋ ಮನಿ ನೋಡ್ತೀನ್ರಿ, ಎಲ್ಲಾ ಕಡೆ ಉಂಡ್ರ ಮೊದಲ ನನ್ನ ತೊಲಿನ ಬೀಳ್ತದ" ಎಂದು ಹೊಟ್ಟೆ ತಟ್ಟಿಕೊಂಡು ನಗುತ್ತಿದ್ದರು.

ಅವರು ಗೋಡೆ ನೋಡುವುದನ್ನು ನೋಡಬೇಕಿತ್ತು. ಎದುರಿಗೆ ನಿಂತು ಸ್ವಲ್ಪ ಹೊತ್ತು ಸುಮ್ಮನೆ ದಿಟ್ಟಿಸುವುದು. ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟು, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ ಕೈಯ ಹಿಂಬದಿಯನ್ನು ಗೋಡೆಗೆ ಹಚ್ಚುವುದು. ಅದೂ ಸಾಲದಿದ್ದರೆ ಕೆನ್ನೆ ಹಚ್ಚುವುದು. ಕೊನೆಗೆ ಮನೆಯ ಹೆಂಗಸರ ಕಡೆ ತಿರುಗಿ, "ಅವ್ವಾ, ಮಳಿ ಬಂದಾಗ ಮೊದಲ ಎಲ್ಲಿ ಹಸಿ ಆಗ್ತದ?" ಎಂದು ಕೇಳುವುದು. ಗಂಡಸರನ್ನು ಕೇಳುತ್ತಿರಲಿಲ್ಲ. "ಅವ್ರು ಕಟ್ಟಿ ಮ್ಯಾಲ ಕುಂತಿರ್ತಾರ್ರಿ, ಮನಿ ಸೋರೂದು ಅವ್ರಿಗೇನ ಗೊತ್ತು?" ನಮ್ಮ ಕಡೆ ಮಳೆ ಅಪರೂಪ, ಆದರೆ ಬಂದರೆ ಹಟಕ್ಕೆ ಬಿದ್ದು ಹೊಡೆಯುತ್ತದೆ. ಹಳೆಯ ಮಣ್ಣಿನ ಮಾಳಿಗೆಗಳು ನೀರು ಕುಡಿದು ಕುಸಿಯುವುದು ಆಗಲೇ. ಅಂಥ ಮಳೆಯ ಮರುದಿನ ಅವರ ಸ್ಕೂಟರು ಬಿಳೂರಿನಲ್ಲೋ ಸೊರಡಿಯಲ್ಲೋ ಯಾರದೋ ಬಾಗಿಲ ಮುಂದೆ ನಿಂತಿರುತ್ತಿತ್ತು. ಕರೆಯಲು ಯಾರೂ ಬಂದಿರುತ್ತಿರಲಿಲ್ಲ. ಫೀಸಿನ ಮಾತು ಅವರೂ ತೆಗೆಯುತ್ತಿರಲಿಲ್ಲ, ಜನರೂ ತೆಗೆಯುತ್ತಿರಲಿಲ್ಲ.

ನನ್ನ ಆಫೀಸಿನ ಕಥೆಯನ್ನೂ ಹೇಳಿಬಿಡಬೇಕು. ವಕೀಲಿ ಶುರು ಮಾಡಿದ ಹೊಸತರಲ್ಲಿ ನಾನು ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿ ಕೋಣೆ ಹಿಡಿದಿದ್ದೆ. ಕೆತ್ತನೆಯ ಕಂಬ, ಬೀದಿಗೆ ಚಾಚಿದ ಬಾಲ್ಕನಿ, ಎಲ್ಲ ಇತ್ತು. ನನಗೆ ಆ ಕೋಣೆಯ ಮೇಲೆ ಬಹಳ ಹೆಮ್ಮೆ. ಉದ್ಘಾಟನೆಗೆ ಬಂದ ಇವರು ಮೆಟ್ಟಿಲಿನ ನಡುವೆಯೇ ನಿಂತು ಚಹಾದ ಕಪ್ಪನ್ನು ಕೈಗೆ ಇಸಿದುಕೊಂಡರು. "ಒಳಗ ಬರ್ರಿ ಸಾಹೇಬ್ರ, ಕುಂದ್ರಿ" ಎಂದರೆ, "ಇಲ್ಲೇ ಗಾಳಿ ಚಲೋ ಅದ" ಎಂದರು. ಗಾಳಿ ಎಂಬುದು ಆ ಮೆಟ್ಟಿಲಿನ ಹತ್ತಿರ ಸುಳಿಯುತ್ತಲೂ ಇರಲಿಲ್ಲ. ಬಂದ ಅತಿಥಿಗಳೆಲ್ಲ ಅದನ್ನು ನೋಡಿ ಒಬ್ಬೊಬ್ಬರೇ ಪೇಢೆ ಬಾಯಿಗೆ ಹಾಕಿಕೊಂಡು ಕೆಳಗಿಳಿದರು. ನಾನು ಒಂದು ವಾರ ಅವರ ಮೇಲೆ ಮುನಿಸಿಕೊಂಡು, ಆಮೇಲೆ ಕಾನೂನು ಪುಸ್ತಕಗಳನ್ನು ಹೊರಿಸಿಕೊಂಡು ಬೇರೆ ಕಡೆ ಹೋದೆ.

ಕೃಷ್ಣೆಗೆ ಮಹಾಪೂರ ಬಂದ ವರ್ಷ ಅವರ ಬದುಕಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಹೊಳೆದಂಡೆಯ ಊರುಗಳೂ ನಮ್ಮ ಸಾಂಗಲಿ ಜಿಲ್ಲೆಯವೇ, ಆದರೆ ಅವರ ಪಾಡೇ ಬೇರೆ, ನಮ್ಮದೇ ಬೇರೆ. ನಮ್ಮ ಹಳ್ಳಿಗಳಿಗೆ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಅಲ್ಲಿ ನೀರು ಕೇಳದೆಯೇ ಅಡುಗೆಮನೆಗೆ ನುಗ್ಗಿತ್ತು. ನೀರಿಳಿದ ಮೇಲೆ ಜನರಿಗೆ ಮನೆ ಸೇರುವ ಆತುರ. ಯಾವ ಮನೆ ಸೇರಬಹುದು, ಯಾವುದನ್ನು ಮುಟ್ಟಬಾರದು ಎಂದು ಹೇಳಲು ಸರಕಾರಿ ಇಂಜಿನಿಯರುಗಳು ಸಾಲದೆ, ಅಲ್ಲಿಯ ತಹಸೀಲ್ದಾರರು ಗೊತ್ತಿದ್ದವರಿಗೆಲ್ಲ ಫೋನು ಮಾಡಿ ಕೇಳಿಕೊಂಡರು. ಇವರಿಗೂ ಕರೆ ಬಂತು. ಭಾಭಿ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದು ಅಂದೇ ಹೊರಟರು. ಜತ್ತದ ಕೆಲವು ತರುಣ ಇಂಜಿನಿಯರುಗಳೂ ಜೊತೆಗೆ ಹೋದರು. ಹೊರಡುವಾಗ ನಾನು, "ಆರ್ಡರ್ ಏನರೆ ಕೊಟ್ಟಾರೇನ್ರಿ?" ಎಂದು ಕೇಳಿದ್ದೆ. "ಮುಳುಗಿದವರ ಮನಿಗೆ ಹೋಗುಮುಂದ ಆರ್ಡರ್ ಕೇಳ್ಲಾಕ ಬರ್ತದೇನ್ರಿ ಬಾಯಾರ?" ಎಂದು ನನ್ನನ್ನೇ ಗದರಿದರು.

ಅಲ್ಲಿಯೂ ಅವರ ಚಹಾದ ಸುದ್ದಿ ಹರಡಿತು. ಜೊತೆಗಿದ್ದ ತರುಣರೇ ಹೇಳಿರಬೇಕು. ಹೊಳೆಗೆ ಹತ್ತಿರದ ಒಂದು ಊರಿನಲ್ಲಿ ವಯಸ್ಸಾದ ತಾಯಿ, ಮಗ, ಸೊಸೆ ಇದ್ದ ಮನೆಯೊಂದನ್ನು ಇವರು ನೋಡಿದರು. ಗೋಡೆಗೆ ಕೈ ಹಚ್ಚಿದರು, ಕೆನ್ನೆ ಹಚ್ಚಿದರು, ಒಣಗಿತ್ತು. ಆ ತಾಯಿಯನ್ನು ಕೇಳಬೇಕಾದ್ದನ್ನೂ ಕೇಳಿದರು. ಆಮೇಲೆ ಒಳಗೆ ಕುಳಿತು ಚಹಾ ಕುಡಿದು ಮುಂದಿನ ಮನೆಗೆ ಹೋದರು. ಸಾಲೆಯಲ್ಲಿ ಆಸರೆ ಪಡೆದಿದ್ದ ಆ ಕುಟುಂಬ ಸಂಜೆಯೇ ಮನೆಗೆ ಮರಳಿತು. ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಹಿತ್ತಲ ಕಡೆಯ ಗೋಡೆ ಇಡಿಯಾಗಿ ಒಳಕ್ಕೆ ಬಿತ್ತು. ಒಳಗೆ ಕಟ್ಟಿದ್ದ ಎಮ್ಮೆಗೆ ಮೇವು ಹಾಕಲು ಬಗ್ಗಿದ್ದ ಮಗನ ಕಾಲು ಅದರ ಅಡಿಗೆ ಸಿಕ್ಕಿತು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತೆ ಆಗಲಿಲ್ಲ.

ಸುದ್ದಿ ತಿಳಿದ ದಿನ ಅವರು ನನ್ನ ಆಫೀಸಿಗೆ ಬಂದು ಕುಳಿತು, ಎಷ್ಟೋ ಹೊತ್ತು ತಮ್ಮ ಕೈಯನ್ನೇ ತಿರುವಿ ತಿರುವಿ ನೋಡಿಕೊಂಡರು. "ನಮ್ಮ ಕಡೆ ಬಿಸಲು, ಗಾಳಿ ಭಾಳ. ಗ್ವಾಡಿ ಮ್ಯಾಲ ಒಣಗಿತಂದ್ರ ಒಳಗೂ ಒಣಗಿತು. ಅಲ್ಲಿ ಎರಿ ಭೂಮಿ ಬಾಯಾರ. ಮ್ಯಾಲ ಒಣಗಿತ್ತು, ಬುನಾದ್ಯಾಗ ನೀರ ಹಂಗ ಕುಂತಿತ್ತು. ನಾ ಜತ್ತದ ಕೈಲೆ ಹೊಳಿದಂಡಿ ಗ್ವಾಡಿ ಮುಟ್ಟಿದೆ" ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದು.

ಆ ತಾಯಿ ಪೊಲೀಸರಿಗೆ ದೂರು ಕೊಟ್ಟಳು. ಇಂಜಿನಿಯರರ ನಿಷ್ಕಾಳಜಿಯಿಂದ ಮಗನ ಕಾಲು ಊನವಾಯಿತು ಎಂದು ಕೇಸಾಯಿತು. ಆಕೆಯ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಮಗ ಹಾಸಿಗೆ ಹಿಡಿದರೆ ಯಾವ ತಾಯಿಯಾದರೂ ಯಾರನ್ನಾದರೂ ಹಿಡಿದು ಕೇಳಲೇಬೇಕು. ಆದರೆ ಇವರ ಪಾಲಿಗೆ ಅದು ಹುಡುಗಾಟದ ಮಾತಾಗಿರಲಿಲ್ಲ. ಶಿಕ್ಷೆಯಾದರೆ ಜೈಲು, ನಕಾಶೆಗೆ ಸಹಿ ಹಾಕುವ ಪರವಾನಗಿಗೂ ಕುತ್ತು. ಅದಕ್ಕಿಂತ ಹೆಚ್ಚಿಗೆ ನನ್ನನ್ನು ಅಂಜಿಸಿದ್ದು ಇನ್ನೊಂದು. ಅವರ ಜೊತೆ ಹೋಗಿದ್ದ ತರುಣರು, "ಸಾಹೇಬ್ರಿಗೇ ಹೀಂಗಾದ್ರ ನಮ್ಮ ಗತಿ ಏನ್ರಿ? ಇನ್ನ ಯಾರ ಕರದ್ರೂ ನಾವಂತೂ ಹೋಗಂಗಿಲ್ಲ" ಎಂದು ಕೈ ತೊಳೆದುಕೊಂಡರು. ನೆರೆಯಲ್ಲಿ ಔಷಧ ಹಿಡಿದು ಓಡಾಡಿದ್ದ ಪೇಟೆಯ ಡಾಕ್ಟರರೊಬ್ಬರೂ ನನಗೆ ಅದನ್ನೇ ಹೇಳಿದರು. ಇವರಂತೂ ಹೊರಗೆ ಹೋಗುವುದನ್ನೇ ಬಿಟ್ಟರು. ಬಿಳೂರಿನಲ್ಲಿ ಮಳೆಯಾಗಿ, ಮಾಳಿಗೆ ಬಾಗಿದೆ ಎಂದು ಕರೆಯಲು ಬಂದವರಿಗೆ ಬೇರೆ ಇಂಜಿನಿಯರರ ಹೆಸರು ಹೇಳಿ ಕಳಿಸಿದರು. "ಯಾರ ಮನ್ಯಾಗೂ ಚಾ ಮುಟ್ಟವಲ್ರು ಬಾಯಾರ, ತಂಗಿ ಮನ್ಯಾಗ ಸೈತ" ಎಂದು ಭಾಭಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ವಕೀಲರ ಬುದ್ಧಿ ಓಡಿಸಿದೆ. ಮನೆ ಗಟ್ಟಿ ಇದೆ ಎಂದು ಇವರು ಬಾಯಿಬಿಟ್ಟು ಹೇಳಿಲ್ಲ, ಬರೆದೂ ಕೊಟ್ಟಿಲ್ಲ. ಚಹಾ ಕುಡಿದರು, ಅಷ್ಟೇ. ಮನೆಗೆ ಬಂದವರು ಚಹಾ ಕುಡಿಯುವುದು ಯಾವ ಕಲಮಿನಡಿ ಅಪರಾಧ? ಕೋರ್ಟಿನಲ್ಲಿ ಇದನ್ನು ಹೇಳಿ ನಗೆ ಎಬ್ಬಿಸಿ ಗೆಲ್ಲಬಹುದು ಎಂದು ನನಗೆ ಒಳಗೊಳಗೇ ಹುರುಪು. ಅವರಿಗೆ ಹೇಳಿದಾಗ ಮುಖ ಕೆಂಪಗಾಯಿತು. "ಚಾ ಅಂದ್ರ ನನ್ನ ಸಹಿ ಬಾಯಾರ" ಎಂದರು. "ಜಗತ್ತಿಗೇ ಗೊತ್ತದ. ನೀವು ಅದನ್ನ ಬರೇ ಚಾ ಅಂದ್ರ, ಇಲ್ಲೀತನಕಾ ನಾ ಒಳಗ ಕುಂತ ಕುಡದ ಮನಿ ಎಲ್ಲಾ ಸುಳ್ಳ ಆಗ್ತಾವ." ನನ್ನ ಹುರುಪು ಅಲ್ಲಿಗೇ ಇಳಿಯಿತು.

ಉಳಿದದ್ದು ಒಂದೇ ದಾರಿ. ವಿಪತ್ತು ನಿರ್ವಹಣೆಯ ಕಾಯ್ದೆಯಲ್ಲಿ ಒಂದು ಕಲಮು ಇದೆ. ಆಪತ್ತಿನ ಹೊತ್ತಿನಲ್ಲಿ ಸರಕಾರದ ಪರವಾಗಿ ಕೆಲಸ ಮಾಡುವವರು ಸದುದ್ದೇಶದಿಂದ ಮಾಡಿದ್ದಕ್ಕೆ ಅವರ ಮೇಲೆ ಖಟ್ಲೆ ನಡೆಯಬಾರದು ಎಂಬುದು ಅದರ ಸಾರ. ಇವರ ಉದ್ದೇಶ ಒಳ್ಳೆಯದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಇವರು ಸರಕಾರದ ಪರವಾಗಿ ಹೋದವರೇ, ತಮ್ಮಷ್ಟಕ್ಕೆ ತಾವೇ ಹೋದವರೇ? ಆಧಾರ ಎಂದರೆ ಬರೀ ಒಂದು ಫೋನು ಕರೆ. ಕರೆ ಮಾಡಿದ ತಹಸೀಲ್ದಾರರು ಅಷ್ಟರಲ್ಲಿ ಬದಲಿಯಾಗಿ ದೂರದ ಜಿಲ್ಲೆಗೆ ಹೋಗಿದ್ದರು. "ಹೌದು, ನಾನೇ ಕರೆಸಿದ್ದೆ" ಎಂದು ಕೋರ್ಟಿನಲ್ಲಿ ನಿಂತು ಹೇಳುವ ಉಸಾಬರಿ ಅವರಿಗೇಕೆ? ಹೇಳಿದರೆ, ಹಾಗಾದರೆ ನಿನ್ನದೂ ತಪ್ಪು ಎಂದು ಯಾರಾದರೂ ತಿರುಗಿ ಬೀಳಬಹುದು. ನಾನು ಫೋನು ಮಾಡಿದಾಗ ಅವರು ನೋಡೋಣ ಎಂದಷ್ಟೇ ಹೇಳಿದರು. ಕಚೇರಿಯ ಜನರಲ್ಲಿ ನೋಡೋಣ ಎಂದವರು ನೋಡಿದ್ದು ಕಡಿಮೆ ಎಂಬುದು ನನ್ನ ಅನುಭವ.

ಆದರೆ ಆ ತಹಸೀಲ್ದಾರರು ಬಂದರು. ಸಾಕ್ಷಿಯ ಕಟಕಟೆಯಲ್ಲಿ ನಿಂತು, ತಮ್ಮಲ್ಲಿ ಇಂಜಿನಿಯರುಗಳು ಸಾಲದೆ ತಾವೇ ಕರೆಸಿದ್ದೆಂದೂ, ಬಂದವರು ತಮ್ಮ ಮಾತಿನ ಮೇಲೆ ಮನೆಮನೆ ತಿರುಗಿದರೆಂದೂ, ಆ ದಿನಗಳಲ್ಲಿ ಇವರು ಸಾಲೆಯ ವರಾಂಡದಲ್ಲಿ ಮಲಗಿ ರೊಟ್ಟಿ ತಿಂದದ್ದನ್ನು ತಾವು ಕಣ್ಣಾರೆ ಕಂಡಿದ್ದಾಗಿಯೂ ಸ್ಪಷ್ಟವಾಗಿ ಹೇಳಿದರು. ಹೆಸರು ಹೇಳಲಾಗದ ಆ ಅಧಿಕಾರಿಗೆ ಇಲ್ಲಿಂದಲೇ ಒಂದು ನಮಸ್ಕಾರ. ಖಟ್ಲೆ ನಡೆದಷ್ಟು ಕಾಲ ನಾನು ಇವರ ಬಾಯಿ ತೆರೆಯಗೊಡಲಿಲ್ಲ. ಆರೋಪಿ ಸುಮ್ಮನಿರಬಹುದು ಎಂಬುದೂ ಕಾನೂನೇ, ಮತ್ತು ಇವರು ಮಾತಾಡಿದರೆ ಏನು ಹೇಳುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೋರ್ಟು ಇವರನ್ನು ಖುಲಾಸೆ ಮಾಡಿತು. ನಾನು ಖುಷಿಯಿಂದ ಪೇಢೆ ತರಿಸಿದರೆ ಇವರು ಕೈಯಲ್ಲಿ ಹಿಡಿದುಕೊಂಡೇ ಕುಳಿತರು. "ಆ ಹುಡುಗನ ಕಾಲು ಈಗ ಹ್ಯಾಂಗದಂತ್ರಿ?" ಎಂದು ಕೇಳಿದರು.

ವಿಚಾರಿಸಿದೆ. ನೆರೆಯಲ್ಲಿ ಗಾಯಗೊಂಡವರಿಗೆ ಸಿಗುವ ಸರಕಾರಿ ಪರಿಹಾರ ಅವನಿಗೆ ಸಿಕ್ಕಿರಲಿಲ್ಲ. ಗೋಡೆ ಬಿದ್ದದ್ದು ನೀರಿಳಿದ ಮೇಲೆ, ಅದೂ ಇಂಜಿನಿಯರರ ತಪ್ಪಿನಿಂದ ಎಂದು ನೀವೇ ದೂರು ಕೊಟ್ಟಿದ್ದೀರಿ, ಹಾಗಾದರೆ ಇದು ನೆರೆಯ ಗಾಯ ಹೇಗಾಯಿತು ಎಂದು ಕಚೇರಿಯವರು ಅರ್ಜಿಯನ್ನು ಬದಿಗಿಟ್ಟಿದ್ದರು. ಇತ್ತ ಕೋರ್ಟು ಇಂಜಿನಿಯರರನ್ನು ಬಿಟ್ಟಿತ್ತು. ಕಾಲು ಊನಗೊಂಡವನು ಎರಡೂ ಕಡೆಯಿಂದ ಹೊರಗೆ ಉಳಿದ. ನನಗೂ ಅಯ್ಯೋ ಅನ್ನಿಸಿತು, ಆದರೆ ಅಯ್ಯೋ ಅನ್ನುವುದಕ್ಕಿಂತ ಮುಂದೆ ಹೋಗುವುದು ಎದುರು ಪಕ್ಷದ ವಕೀಲಳ ಕೆಲಸವಾಗಿರಲಿಲ್ಲ.

ಇದನ್ನು ತಿಳಿಸಿದ ಮರುದಿನವೇ ಇವರು ನನ್ನ ಮುಂದೆ ಬಂದು ನಿಂತರು. ಆ ಕಚೇರಿಗೆ ಹೋಗಿ ಹೇಳಿಕೆ ಕೊಡುತ್ತಾರಂತೆ.

"ಏನಂತ ಕೊಡ್ತೀರಿ?" ಎಂದೆ.

"ನೆರಿ ನೀರು ಬುನಾದಿಗೆ ಇಳದದ್ದಕ್ಕ ಗ್ವಾಡಿ ಬಿತ್ತು ಅಂತ. ನನಗ ಅದು ತಿಳೀಲಿಲ್ಲ, ನಾ ಒಳಗ ಕುಂತದ್ದ ನೋಡಿ ಅವ್ರು ಮನಿ ಹೊಕ್ಕರು ಅಂತ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಸಾಹೇಬ್ರ, ನಿಮಗ ಬುದ್ಧಿ ಅದ ಇಲ್ರಿ? ಅವ್ರು ಮ್ಯಾಲಿನ ಕೋರ್ಟಿಗೆ ಹೋದ್ರ ಏನ ಮಾಡ್ತೀರಿ? ಗೆದ್ದೀವಿ, ಸುಮ್ಮ ಮನ್ಯಾಗ ಕುಂದ್ರಿ."

"ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಚಲೋ ಮನಸ್ಸಿಲೆ ಮಾಡಿದ ಕೆಲಸದಾಗ ತಪ್ಪ ಆದ್ರೂ ಕಾಯ್ದೆ ಬೆನ್ನಿಗಿರ್ತದ ಅಂತ ಕೋರ್ಟಿನ್ಯಾಗ ನೀವೇ ಹೇಳಿದ್ರಿಲ್ಲೋ?"

"ಹೇಳಿದೆ."

"ಹಂಗಾದ್ರ ತಪ್ಪ ಆತು ಅನ್ಲಾಕ ನನಗ್ಯಾಕ ಅಂಜಿಕಿ? ಅಂಜಲಾರದ ಖರೇ ಹೇಳ್ಲಿ ಅಂತನ ಅದನ್ನ ಮಾಡಿರಬೇಕಲ್ರಿ, ಬಾಯಾರ."

ಆ ಕಲಮನ್ನು ನಾನು ನ್ಯಾಯಾಧೀಶರ ಮುಂದೆ ಏರುದನಿಯಲ್ಲಿ ಓದಿ ಗೆದ್ದಿದ್ದೆ. ಅದು ನನ್ನ ಕಕ್ಷಿದಾರರನ್ನು ಮರೆಮಾಡುವ ಗೋಡೆ ಎಂದಷ್ಟೇ ನನಗೆ ಕಂಡಿತ್ತು. ಅದೇ ಕಲಮಿನ ಆಸರೆಯಲ್ಲಿ ನಿಂತು ಒಬ್ಬ ಮನುಷ್ಯ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಬಹುದು ಎಂಬ ಯೋಚನೆ ನನಗೆ ಬಂದೇ ಇರಲಿಲ್ಲ. ನಾನು ಅವರಿಗೆ ಋಣಿ ಎಂದು ಮೊದಲಿಗೆ ಬರೆದೆನಲ್ಲ, ಆ ಋಣ ಇದು. ಅವರ ಜೊತೆ ನಾನೂ ಹೊರಟೆ.

ಕಚೇರಿಯಲ್ಲಿ ಅವರು ಮರಾಠಿಯಲ್ಲಿ, ನಿಧಾನವಾಗಿ, ಒಂದೂ ಮಾತು ನುಂಗದೆ ಹೇಳಿದರು. ಬರೆದುಕೊಳ್ಳುತ್ತಿದ್ದ ಅಧಿಕಾರಿ ನಡುವೆ ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ತಾವು ಏನು ಹೇಳುತ್ತಿದ್ದೇವೆಂದು ಇವರಿಗೆ ತಿಳಿದಿದೆಯೇ ಎಂದು ಕೇಳಿದರು. ತಿಳಿದಿದೆ, ಬರೆದುಕೊಳ್ಳಿ ಎಂದೆ. ಆ ತಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ಮೂಲೆಯ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿದಳು. ಪಕ್ಕದಲ್ಲಿ ಮಗ ಕಂಕುಳಲ್ಲಿ ಊರುವ ಕುಬಡಿಯನ್ನು ಗೋಡೆಗೆ ಆನಿಸಿಕೊಂಡು ಕುಳಿತಿದ್ದ. ಮುಂದೆ ಅವನಿಗೆ ಪರಿಹಾರ ಮಂಜೂರಾಯಿತು, ಆದರೆ ಅಂದು ಅದು ಯಾರಿಗೂ ಗೊತ್ತಿರಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಆಕೆ ಸರಸರನೆ ನಮ್ಮ ಕಡೆ ಬಂದಳು. ಬೈಯುತ್ತಾಳೋ ಏನೋ ಎಂದು ನಾನು ಅಭ್ಯಾಸಬಲದಿಂದ ನಡುವೆ ನಿಂತೆ. ಆಕೆ ನನ್ನ ತೋಳು ಹಿಡಿದು ಮೆಲ್ಲಗೆ ಬದಿಗೆ ಸರಿಸಿ, ಇವರ ಮುಖ ನೋಡಿ ಮರಾಠಿಯಲ್ಲಿ ಕೇಳಿದಳು: "ಮತ್ತೆ ನೀರು ಬಂದರೆ ನಮ್ಮ ಊರಿಗೆ ಬರುತ್ತೀರಲ್ಲ? ಯಾವ ಮನೆ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ನಮಗೆ ಯಾರು ಹೇಳಬೇಕು?"

ಅವರು ನನ್ನ ಕಡೆ ತಿರುಗಿದರು. ಇಷ್ಟು ದಿನ ತಾವಾಗಿ ನನ್ನ ಒಂದೂ ಸಲಹೆ ಕೇಳದಿದ್ದ ಮನುಷ್ಯ ಸಣ್ಣ ದನಿಯಲ್ಲಿ, "ಬಾಯಾರ, ಹೋಗಬಹುದಲ್ರಿ?" ಎಂದು ಕೇಳಿದರು.

"ಹೋಗ್ರಿ ಸಾಹೇಬ್ರ" ಎಂದೆ. "ನಾ ಅದೀನಿ."

ಅವರು ಆಕೆಗೆ ಕೈಮುಗಿದು, ಬರುತ್ತೇನೆ ತಾಯಿ ಎಂದರು. ಮುಂದೆ ಮತ್ತೆ ಹೊಳೆ ತುಂಬಿದಾಗ ಹೋದರು ಕೂಡ. ಹೊರಡುವವರೆಲ್ಲರ ಹೆಸರನ್ನೂ ಆ ಸಲ ನಾನು ತಹಸೀಲ್ದಾರ ಕಚೇರಿಯಲ್ಲಿ ಮೊದಲೇ ಬರೆಸಿದ್ದೆ. ಇನ್ನು ಹೋಗುವುದಿಲ್ಲ ಎಂದಿದ್ದ ತರುಣರು, ಆ ಡಾಕ್ಟರು, ಎಲ್ಲರೂ ಅವರಿಗಿಂತ ಮೊದಲೇ ಬಂದು ಹತ್ತಿ ಕುಳಿತಿದ್ದರಿಂದ ಜೀಪಿನಲ್ಲಿ ಅವರಿಗೇ ಜಾಗ ಸಿಗುವುದು ಕಷ್ಟವಾಯಿತು.